ಎರಡೂವರೆ ಸಿಸಿ

ಜೂನಾ ಬಜಾರಿನ ರವಿವಾರ. ತಾಡಪತ್ರಿಯ ಮೇಲೆ
ಬೀಗ ಕಳೆದುಕೊಂಡ ಕೀಲಿಗಳ ನಡುವೆ ಬಿದ್ದಿತ್ತು,
ಹೆಬ್ಬೆಟ್ಟಿಗಿಂತ ತುಸು ದಪ್ಪ.
'ಹೊಲಿಗೆ ಮಷಿನ್ನಿನದು, ನೂರಾ ಎಂಬತ್ತು' ಅಂದ ದಸ್ತಗೀರ.
ತಿದ್ದಲು ಹೋಗದೆ ಕೊಟ್ಟೆ.

ರಾತ್ರಿ ವರ್ನಿಯರ್ ತೆಗೆದೆ. ಭೋಸರಿಯ ಶೆಡ್ಡಿನಲ್ಲಿ
ಇಪ್ಪತ್ತು ವರ್ಷ ಅದನ್ನೇ ಹಿಡಿದ ಕೈ.
ಬೋರ್ ಹದಿನಾಲ್ಕೂವರೆ, ಸ್ಟ್ರೋಕ್ ಹದಿನೈದು.
ನೆತ್ತಿಯಲ್ಲಿ ಅಡ್ಡಕಡ್ಡಿಯ ತಿರುಪು:
ಡೀಸೆಲ್, ಕಿಡಿಯ ಹಂಗಿಲ್ಲದ್ದು.
ನಂಬರಿದ್ದ ಕಡೆ ಯಾರೋ ಅರ ಹಾಕಿ ತಿಕ್ಕಿದ್ದಾರೆ.
ಮೂಸಿದರೆ ಸುಟ್ಟ ಹರಳೆಣ್ಣೆ.
ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದದ್ದು
ಇದೂ ಕುಡಿದಿದೆ,
ಹಾರುವುದಕ್ಕೆ.

ಕ್ಯಾಂಪಿನ ಫಿರ್ದೋಶ್ ಭರೂಚಾ, ಎರಡೂ ಕಣ್ಣಿಗೆ ಪೊರೆ,
ನನ್ನ ಅಳತೆಯ ಚೀಟಿಯನ್ನು ಚಹಾದ ಕಪ್ಪಿನಡಿ ಸರಿಸಿದರು.
ಉಗುರಿನಿಂದ ರೆಕ್ಕೆ ಎಣಿಸಿದರು: ಆರು.
ಮತ್ತೆ ಎಣಿಸಿದರು: ಒಂದು ಮುರಿದಿದೆ, ಏಳು.
'ಸೂಜಿ ಮಾತ್ರ ಸೈಕಲ್ ಕಡ್ಡಿಯದು.
ನಮ್ಮ ಹುಡುಗರ ಯಾರದೋ ಕೆಲಸ.'

ಹೆಸರು ಕೇಳಿದೆ. ಕೇಳಿಸಿತೋ ಇಲ್ಲವೋ,
ಮೂತಿಗೆ ಮೊಮ್ಮಗಳ ಮರದ ಸ್ಕೇಲು ಸಿಕ್ಕಿಸಿ
ಬೆರಳಲ್ಲಿ ಒಮ್ಮೆ ಹೊಡೆದರು.
ಒಣ ಎಂಜಿನ್. ಆದರೂ ಉಸಿರು ಬಿಗಿಹಿಡಿದು
ಟಪ್ಪನೆ ಹಿಂದಕ್ಕೆ ಒದೆಯಿತು.

ಮುದುಕ ಕೈ ಕೊಡವಿ ನಕ್ಕರು,
ತೋರುಬೆರಳನ್ನು ಕಿಟಕಿಯ ಕಡೆ ಎತ್ತಿದರು:
ಗೆಣ್ಣಿನ ಕೆಳಗೆ ಬಿಳಿ ಗೀರು,
ಅರವತ್ತೆಂಟರ ಡಿಸೆಂಬರಿನದು,
ಹಡಪ್ಸರದ ಬಯಲಿನದು.
ಅಲ್ಲಿ ಯಾರೂ ಅರ ಹಾಕಿರಲಿಲ್ಲ.

'ಇದೇ ಜಾತಿ' ಅಂದರು. 'ಹಿಂದಿನಿಂದ ಕಚ್ಚುತ್ತದೆ.'
ಹೆಸರು ನಾಲಿಗೆ ತುದಿಗೆ ಬಂದು, ಅಲ್ಲೇ ನಿಂತು,
ಹೊರಳಿ ಹೋಯಿತು.

ಆಮೇಲೆ, ಗುಟ್ಟಿನ ದನಿಯಲ್ಲಿ:
'ಈಥರ್ ಎಲ್ಲಿ ಸಿಗುತ್ತದಪ್ಪಾ ಈಗ?'