ಮೊಹರು ಬರುವತನಕ

ಆದೇಶ ಬಂದದ್ದು ಮಧ್ಯಾಹ್ನದ ಟಪಾಲಿನಲ್ಲಿ,
ಹೂಮಳೆ ಬಿದ್ದು ಎಂಟನೆಯ ದಿನ.
ಗೋಣಿಕೊಪ್ಪದ ಸುತ್ತ ತೋಟವೆಲ್ಲ ಬಿಳಿ,
ಕಿಟಕಿ ತೆರೆದರೆ ಕಡತಕ್ಕೂ ಪರಿಮಳ ಹತ್ತುವಷ್ಟು.

ಕಾಫಿಗೊಂದು, ಮೆಣಸಿಗೊಂದು, ಏಲಕ್ಕಿಗೊಂದು
ಅಂತ ಮೂರಿದ್ದ ಇಲಾಖೆ
ಇನ್ನು ಒಂದೇ. ಹೆಸರು ಎರಡೂವರೆ ಸಾಲು.
ಬೋರ್ಡಿಗೆ ಹಿಡಿಸದು ಎಂದು
ಅವರೇ ಒಂದು ಚಿಕ್ಕ ಹೆಸರೂ ಕಳಿಸಿದ್ದರು,
ಯಾವುದೋ ಜ್ವರದ ಮಾತ್ರೆಯ ಹಾಗಿತ್ತು.

"ವಿದೇಶ ವ್ಯಾಪಾರ ನೀತಿಯ ಸುಗಮ ಅನುಷ್ಠಾನಕ್ಕಾಗಿ"
ಎಂದು ಶುರು,
"ಹಳೆಯ ಮೊಹರುಗಳು ಈ ಕ್ಷಣದಿಂದ ಅಸಿಂಧು"
ಎಂದು ಮುಕ್ತಾಯ.
ಹೊಸ ಮೊಹರಿನ ಮಾತು
ನಾಲ್ಕು ಪುಟ ತಿರುವಿದರೂ ಸಿಗಲಿಲ್ಲ.

ಚುಬ್ಬ ಏಣಿ ತಂದ.
ಇಪ್ಪತ್ತಾರು ವರ್ಷ ತಾನೇ ಒರೆಸಿದ ಬೋರ್ಡನ್ನು
ತಾನೇ ಇಳಿಸಿದ.
ಹಿಂದೆ ಒಂದು ಮೊಳದುದ್ದ ಹಸಿರು ಬಣ್ಣ.
ನಾನು ಕೆಲಸಕ್ಕೆ ಸೇರಿದಾಗ ಇಡೀ ಗೋಡೆ ಹಾಗಿತ್ತು,
ಮರೆತೇಹೋಗಿತ್ತು.
ಹಸಿರಿನ ಮೇಲೆ ಕಣಜದ ಗೂಡು.
"ಇದನ್ನ ಏನು ಮಾಡೋದು ಸಾರ್?"
ದಾಸ್ತಾನಿಗೆ ಸೇರಿಸು ಎಂದೆ, ತಲೆಯೆತ್ತದೆ.
ಅವನು ಕೇಳಿದ್ದು ಕಣಜದ ಬಗ್ಗೆ.

ಆಮೇಲೆ ಪಟ್ಟಿ.
ಕುರ್ಚಿ ಹನ್ನೊಂದು, ಕೈ ಮುರಿದದ್ದು ಅದರಲ್ಲಿ ಮೂರು.
ಮೆಣಸಿನ ಲೀಟರ್ ತೂಕ ನೋಡುವ ಹಿತ್ತಾಳೆ ಪಾತ್ರೆ.
ಕಾಫಿ ರುಚಿ ನೋಡುವ ಚಮಚ ನಾಲ್ಕು,
ಪೀಕದಾನಿ ಒಂದು.
ಚೋಂದಮ್ಮ ಬಾಗಿಲಲ್ಲಿ ನಿಂತು ಕೇಳಿದರು:
"ಚಮಚ ಬರೆದಿರಿ, ಪೀಕದಾನಿ ಬರೆದಿರಿ,
ನನ್ನ ನಾಲಿಗೆ ಯಾವ ಶೀರ್ಷಿಕೆಗೆ?"
ನಕ್ಕೆ. ಅವರು ನಗಲಿಲ್ಲ.
ಮಗಳ ಮದುವೆಯೂಟದಲ್ಲೂ ಖಾರ ಮುಟ್ಟದೆ ಎದ್ದ ನಾಲಿಗೆ ಅದು.
ಬೆಳಿಗ್ಗೆ ಅರವತ್ತು ಬಟ್ಟಲು ಹೀರಿ, ಉಗುಳಿ,
ಇದು ಕಣದಲ್ಲಿ ಒಂದು ರಾತ್ರಿ ನೆನೆದದ್ದು,
ಇದು ಗೊಬ್ಬರದ ಚೀಲದ ಪಕ್ಕ ಮಲಗಿದ್ದು
ಎಂದು ಹೆಸರಿಟ್ಟು ಹೇಳುತ್ತಿದ್ದ ನಾಲಿಗೆ.
ಪಟ್ಟಿಯ ಕೊನೆಗೆ "ಇತರೆ" ಎಂಬ ಕಲಂ ಇತ್ತು.
ಬರೆಯಲು ಕೈ ಬರಲಿಲ್ಲ.

ಮೂರನೆಯ ದಿನ ಮೊಯ್ದು ಹಾಜಿ.
ಲಾರಿ ಸಂಪಾಜೆ ಘಾಟಿ ಇಳಿದು
ಮಂಗಳೂರಿನ ಬಂದರಿನ ಹೊರಗೆ ನಿಂತಿದೆ,
ಹದಿನೆಂಟು ಟನ್, ಹೋಗಬೇಕಾದ್ದು ಹ್ಯಾಂಬರ್ಗಿಗೆ.
ಈ ಮೆಣಸು ಈ ಮಣ್ಣಿನದೇ ಎಂಬ ಒಂದು ಸಾಲು,
ಕೆಳಗೆ ಒಂದು ಮೊಹರು, ಅಷ್ಟೇ ಬೇಕಾದ್ದು.
ಹಳೆಯದು ನನ್ನ ಡ್ರಾಯರಿನಲ್ಲಿತ್ತು,
ಶಾಯಿಯಿನ್ನೂ ಹಸಿ.
ಒತ್ತಿದರೆ ಅಪರಾಧ.
ಅದೇ ವಾರ ಎಲ್ಲಿಯದೋ ಮೆಣಸು
ದ್ವೀಪ ಸುತ್ತಿ ಬಂದು
ನಮ್ಮೂರ ಹೆಸರಿನ ಚೀಲ ತೊಟ್ಟುಕೊಂಡಿತಂತೆ.
ಅದರ ಕಾಗದಗಳೆಲ್ಲ ಸರಿಯಾಗಿದ್ದವಂತೆ.

"ಅರ್ಜಿ ಯಾರಿಗೆ ಬರೀಲಿ?" ಎಂದರು ಹಾಜಿ.
'ಇವರಿಗೆ' ಎಂದು ಬರೆದು
ಎರಡು ಸಾಲು ಖಾಲಿ ಬಿಡಿ ಎಂದೆ.
ಬಿಟ್ಟರು.
ನಾನು ಬರೀ ದಿನಾಂಕ ಹಾಕಿ ತೆಗೆದುಕೊಂಡೆ.
ದಿನಾಂಕ ಇನ್ನೂ ವಿಲೀನವಾಗಿರಲಿಲ್ಲ.

ದೆಹಲಿಗೆ ಫೋನು ಮಾಡಿದೆ, ಬೆಂಗಳೂರು ಎಂದರು.
ಬೆಂಗಳೂರು ಕೊಚ್ಚಿ ಎಂದಿತು.
ಕೊಚ್ಚಿಯಲ್ಲೊಬ್ಬ ವಿನಯದ ಹುಡುಗಿ
ಹುಡುಕಿ, ಹುಡುಕಿ,
"ನಿಮ್ಮ ಕಚೇರಿ ಈ ನಕ್ಷೆಯಲ್ಲಿ ಇಲ್ಲವಲ್ಲ ಸಾರ್" ಎಂದಳು,
ನನಗೆ ಬೇಜಾರಾಗಬಾರದು ಎಂಬ ದನಿಯಲ್ಲಿ.

ಆದೇಶ ಬರೆದವರನ್ನು ಬೈಯಲೂ ಬಾಯಿ ಬಾರದು.
ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸು,
ಬುಡದಲ್ಲಿ ಕಾಫಿ,
ಹಳ್ಳದ ಕಡೆ ನಾಲ್ಕು ಏಲಕ್ಕಿ ಹಿಂಡು:
ಇಂಥ ಒಂದೇ ತೋಟದವನನ್ನು
ಮೂರು ಕಿಟಕಿಗೆ ಮೂರು ಸರತಿ ನಿಲ್ಲಿಸಿ
"ಊಟದ ಹೊತ್ತು" ಎಂದು ಬಾಗಿಲೆಳೆದವರಲ್ಲಿ
ನಾನೂ ಒಬ್ಬ.

ಹನ್ನೊಂದನೆಯ ದಿನ ಮೊಹರು ಬಂತು.
ಊರ ಹೆಸರಿನಲ್ಲಿ ಒಂದು ದೀರ್ಘ ಕಡಿಮೆ.
ಒತ್ತಿದೆ. ಓಡಿ ಹೋಗಿ ಕೊಟ್ಟೆ.
ಹಾಜಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ
ಮಡಚಿ ಜೇಬಿಗಿಟ್ಟುಕೊಂಡರು.
"ಹ್ಯಾಂಬರ್ಗಿನವರು ಮೊನ್ನೆಯೇ ಬೇರೆ ಕಡೆ ತಗೊಂಡರು.
ಇರಲಿ, ಇದು ಇರಲಿ ನನ್ನ ಹತ್ತಿರ."
ಮೆಣಸು ಮಸಾಲೆ ಮಿಲ್ಲಿಗೆ ಹೋಯಿತು,
ಕಿಲೋಗೆ ನಲವತ್ತು ಕಮ್ಮಿಗೆ.

ಹೊಸ ಬೋರ್ಡು ಹೊಡೆದಿದ್ದಾನೆ ಚುಬ್ಬ,
ಮೊದಲಿಗಿಂತ ಒಂದು ಗೇಣು ಕೆಳಗೆ.
ಮೇಲೆ ಹಸಿರು ಹಾಗೇ ಇದೆ,
ಗೂಡೂ.
ಬಗ್ಗಿ ಒಳಗೆ ಬರಬೇಕು ಈಗ, ಎಲ್ಲರೂ.
ಯಾಕೆಂದು ನಾನು ಕೇಳಲಿಲ್ಲ.