ಸಾಕ್ಷಿ ನಂಬರ್ ನಾಲ್ಕು

ವಿದ್ಯಾನಗರದ ಕೋರ್ಟಿನಲ್ಲಿ ನನ್ನ ಕೆಲಸ
ಬೊಗಸೆಯಲ್ಲಿ ನೀರು ದಾಟಿಸುವುದು:
ಕನ್ನಡದಲ್ಲಿ ಕೇಳು, ಮಲಯಾಳದಲ್ಲಿ ಹೇಳು,
ನಡುವೆ ಕುಡಿಯಬೇಡ.
ಹದಿನೇಳು ವರ್ಷ. ಬೇಲಿ ತಕರಾರು, ಚೆಕ್ಕು ಬೌನ್ಸು,
ಹಂದಿಗಿಟ್ಟ ಉರುಳಿಗೆ ಬಿದ್ದ ನೆರೆಮನೆಯ ನಾಯಿ,
ಎಲ್ಲ ದಾಟಿಸಿದ್ದೇನೆ, ತೊಟ್ಟು ಚೆಲ್ಲದೆ.

ಇವತ್ತು ವಾರಿಜಾ. ನಲವತ್ತೊಂಬತ್ತು ವರ್ಷ,
ಶಿರಿಯ, ರೈಲುಹಳಿಯ ಬದಿಯ ಮನೆ, ಬೀಡಿ ಕೆಲಸ.
ಪ್ರಮಾಣ ಮಾಡುವಾಗಲೂ ಅವಳ ಬೆರಳುಗಳು
ಇಲ್ಲದ ಎಲೆಯೊಂದನ್ನು ಸುರುಳುತ್ತಿದ್ದವು.

ಮಗನಿಗೆ ಏನು ಕೆಲಸ?
ಪುಡಿ ಕೊಂಡುಹೋಗುವುದು.
ಗೊತ್ತಿತ್ತೇ ನಿಮಗೆ?
ಪುಡಿ ಅಂದರೆ ಹೊಗೆಸೊಪ್ಪಿನದ್ದಲ್ವಾ ಸಾರ್,
ಬ್ರಾಂಚಿನವರು ತೂಗಿ ಕೊಡ್ತಾರಲ್ಲ.
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ನಗುವನ್ನು ತರ್ಜುಮೆ ಮಾಡುವ ನಿಯಮವಿಲ್ಲ.

ಲಿಖಿತ ಅವನ ಹೆಸರು. ಅದು ಹೆಸರೇ ಹೌದೇ ಎಂದು
ಸ್ಟೆನೋ ಎರಡು ಸಲ ಕೇಳಿದಳು.
ಮಡಿವಾಳದಲ್ಲಿ ಬಸ್ಸು, ಮಂಗಳೂರಿನಲ್ಲಿ ರೈಲು,
ಎರ್ನಾಕುಳದಲ್ಲಿ ಹದಿನಾಲ್ಕನೇ ಮಾಳಿಗೆಯ ಒಂದು ಕರೆಗಂಟೆ.
ಬೂಟಿನ ಅಟ್ಟೆಯೊಳಗೆ ಆ ಬಿಳಿ ಪುಡಿ,
ನಗರದ ಮಕ್ಕಳು ಮೂರು ರಾತ್ರಿ ಕಣ್ಣು ಮುಚ್ಚದೆ ಕುಣಿಯಲಿಕ್ಕೆ.
ದಾರಿಯಲ್ಲೇ ಮನೆ. ಇಳಿಯುವಂತಿಲ್ಲ.
ರೈಲಿನ ಬಾಗಿಲಲ್ಲಿ ನಿಂತು ಮೊಬೈಲಿನ ಟಾರ್ಚು
ಎರಡು ಸಲ ಹೊತ್ತಿಸಿ ಆರಿಸುತ್ತಿದ್ದ.
ಅವಳು ಗೆರಸೆ ಕೆಳಗಿಟ್ಟು, ಚಿಲಕ ಹಾಕಿ, ಮಲಗುತ್ತಿದ್ದಳು.

ಫೆಬ್ರವರಿ ಹನ್ನೊಂದು. ಅವತ್ತು ಬೆಳಕು ಬಂತೇ?
ಬಂತು. ಎರಡು ಸಲ.
ಎಷ್ಟು ಹೊತ್ತಿಗೆ?
ರಾತ್ರಿ ಹನ್ನೊಂದಕ್ಕೆ ಸ್ವಲ್ಪ ಉಂಟು ಅನ್ನುವಾಗ.

ಆದರೆ ಸಂಜೆ ಆರರೊಳಗೇ
ಮೀಂಜದ ಕೆಂಪುಕಲ್ಲಿನ ಪಣೆಯಲ್ಲಿ
ಅವನ ಉಸಿರು ನಿಂತಾಗಿತ್ತು.
ನಲವತ್ತು ಗ್ರಾಂ ಕಡಿಮೆ ಬಿದ್ದದ್ದಕ್ಕೆ.
ಹೇಳಿಸಿದವನು ಬೆಂಗಳೂರಿನ ‘ಅಣ್ಣ’, ವಿಳಾಸದ ಜಾಗ ಖಾಲಿ.
ಮಾಡಿದವನು ಪ್ರಮಿತ್. ಒಂದನೇ ಕ್ಲಾಸಿನಿಂದ ಒಂದೇ ಬೆಂಚು,
ಅವಳ ಮನೆಯ ಗಂಜಿ, ಒಣಮೀನಿನ ಚಟ್ನಿ ತಿಂದವನು.
ಸತ್ತವನ ಬೂಟು ಮೆಟ್ಟಿ, ಸತ್ತವನ ಮೊಬೈಲು ಹಿಡಿದು
ಅದೇ ರೈಲು ಹತ್ತಿದ.
ಶಿರಿಯದ ಸೇತುವೆ ಗಡಗಡ ಅಂದಾಗ
ಎದ್ದು ಬಾಗಿಲಿಗೆ ಬಂದ.

ಇಷ್ಟನ್ನೂ ನಾನು ಅವಳಿಗೆ ಕನ್ನಡದಲ್ಲಿ ಹೇಳಬೇಕಿತ್ತು.
ಹೇಳಿದೆ.
ಬೆರಳುಗಳು ನಿಂತವು.
ಕಟಕಟೆಯತ್ತ ತಿರುಗಿ ಸುಮಾರು ಹೊತ್ತು ನೋಡಿ ಅಂದಳು:
‘ನಾನು ಕಾದು ಕೂತಿರ್ತೇನೆ ಅಂತ ಇವನಿಗೆ ನೆನಪಿತ್ತು.
ಪಾಪ.’

ಸ್ಟೆನೋ ಕೈ ಎತ್ತಿ ಕಾದಳು.
ಮಲಯಾಳದಲ್ಲಿ ಇದಕ್ಕೆ ಎರಡು ಮಾತು.
ಪಾವಂ, ಅಂದರೆ ಅಯ್ಯೋ ಬಡಪಾಯಿ.
ಪಾಪಂ, ಅಂದರೆ ಯಮನ ಲೆಕ್ಕದ ಪುಸ್ತಕಕ್ಕೆ ಹೋಗುವುದು.
ನಮ್ಮಲ್ಲಿ ಒಂದೇ;
ತೊಟ್ಟಿಲಲ್ಲಿ ಮಲಗಿದ್ದಕ್ಕೂ ಅದನ್ನೇ ಅನ್ನುತ್ತೇವೆ.
ಯಾವುದು, ಕೇಳಿದರು ನ್ಯಾಯಾಧೀಶರು.
ಯಾವುದಮ್ಮಾ, ಕೇಳಿದೆ ನಾನು.
‘ಪಾಪ ಅಂದೆನಲ್ಲ ಮಾರಾಯರೇ.’

ಪ ಹೇಳಿದೆನೋ ವ ಹೇಳಿದೆನೋ ಕಡತದಲ್ಲುಂಟು.
ಬೇಕಾದವರು ಅರ್ಜಿ ಹಾಕಿ ನಕಲು ತೆಗೆಸಿಕೊಳ್ಳಿ.

ಮನೆಗೆ ಹೊರಟಾಗ ಪ್ಯಾಸೆಂಜರು ಗಾಡಿ ಎರಡು ಗಂಟೆ ತಡ.
ಕುಂಬಳೆ ದಾಟುವಾಗ ಕತ್ತಲಾಗಿತ್ತು.
ಹಳಿಯ ಬದಿಯಲ್ಲಿ ಒಂದು ಬಲ್ಬು, ತೆರೆದ ಬಾಗಿಲು,
ಮಡಿಲಲ್ಲಿ ಗೆರಸೆಯಿದ್ದ ಹಾಗೆ ಒಂದು ಆಕೃತಿ.
ಬಾಗಿಲಲ್ಲಿ ನಿಂತಿದ್ದ ಹುಡುಗ, ಯಾರೋ, ಗುರುತಿಲ್ಲ,
ಚಪ್ಪಲಿ ಹುಡುಕಲು ಮೊಬೈಲಿನ ಟಾರ್ಚು ಹೊತ್ತಿಸಿದ.
ನಾನು ಥಟ್ಟನೆ ಅವನ ಮುಂಗೈ ಹಿಡಿದೆ.
ಬೇಡ ಅಂದೆ,
ಯಾವ ಭಾಷೆಯಲ್ಲೋ.