ಗುಂಡಿ, ಕಾಜ

ಗುಂಡಿ ಒತ್ತಿ ಕೆಟಲಿಗೆ ನೀರು ಹಿಡಿಯುತ್ತೇನೆ.
ಚಹಾ ಕುದಿಸಿ, ಸೋಸಿ, ಅರ್ಧ ಕುಡಿದು,
ಯಾರದೋ ಪ್ಯಾಂಟಿನ ಅಂಚು ಕೈಹೊಲಿಗೆಯಲ್ಲಿ ಮುಗಿಸಿ
ತಲೆಯೆತ್ತಿದರೆ
ಪರದೆಯ ಮೇಲೆ ಇನ್ನೂ ಚುಕ್ಕೆಗಳು ಗಿರಕಿ ಹೊಡೆಯುತ್ತಿವೆ.
ಗ್ರಿಮ್ಸ್‌ಬಿಯಲ್ಲಿ ಡಿಸೆಂಬರಿನ ಸೂರ್ಯನೂ
ಇಷ್ಟು ಸತಾಯಿಸುವುದಿಲ್ಲ.

ಹದಿಮೂರು ವರ್ಷದ ಡಬ್ಬ.
ಬಾಗಿಲು ಹಾಕಿದ ವಿಮಾ ಕಚೇರಿಯ ಹರಾಜಿನಲ್ಲಿ
ಕುರ್ಚಿಯ ಜೊತೆ ಬಂದದ್ದು.
ಕುರ್ಚಿ ಮುರಿಯಿತು, ಇದು ಮುರಿಯಲಿಲ್ಲ.
ಊರ ಶಾಲೆಗಳ ಲಾಂಛನವೆಲ್ಲ ಇದರ ಹೊಟ್ಟೆಯಲ್ಲಿದೆ:
ಲಂಗರು, ಹಂದಿತಲೆ, ಮೂರು ಮೀನು,
ಕಸೂತಿ ಯಂತ್ರಕ್ಕೆ ಕಲಿಸಿಕೊಡುವ ಒಂದೊಂದು ಹೊಲಿಗೆ.
ಆ ಸಾಫ್ಟ್‌ವೇರಿನ ಕೀಲಿ ಹೊಸ ಕಂಪ್ಯೂಟರನ್ನು
ಗುರುತೇ ಹಿಡಿಯುವುದಿಲ್ಲ.
ಹೊಸ ಕೀಲಿಗೆ ಅವರು ಕೇಳುವ ದುಡ್ಡಿನಲ್ಲಿ
ಎರಡು ತಿಂಗಳ ಅಂಗಡಿ ಬಾಡಿಗೆ ಕಟ್ಟಬಹುದು.

ಹಾಗಾಗಿ ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿ ಎಣಿಸಿದೆ:
ಅರವತ್ತೆರಡು ಪೌಂಡು,
ಒಂದು ಕೋಟಿನ ಗುಂಡಿ.

ಅಚ್ಚು ಕತ್ತರಿಸುವ ಕಂದು ಕಾಗದದ ತುದಿಯಲ್ಲಿ
ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.
ಗ್ರಾಫಿಕ್ಸ್ ಕಾರ್ಡು ಹಾಕಿ ಅಂತ ಒಬ್ಬರು.
ಪ್ರೊಸೆಸರನ್ನೇ ಬದಲಿಸಿ ಅಂತ ಇನ್ನೊಬ್ಬರು.
ಅದಕ್ಕೆ ಹೊಸ ಮದರ್‌ಬೋರ್ಡು,
ಬೋರ್ಡಿಗೆ ಹೊಂದುವ ಹೊಸ ರ‍್ಯಾಮು,
ಎಲ್ಲ ಬಂದಮೇಲೆ ಹೊಸ ಪೆಟ್ಟಿಗೆ.
ತೋಳು ಉದ್ದ ಮಾಡಲು ಹೋಗಿ
ಕೋಟನ್ನೇ ಹೊಸದಾಗಿ ಹೊಲಿದ ಹಾಗೆ.
ಆ ಲೆಕ್ಕ ನನಗೆ ಗೊತ್ತು.
ಗಿರಾಕಿಗಳಿಗೆ ನಾನೇ ಹೇಳುತ್ತೇನಲ್ಲ,
ಬಟ್ಟೆ ಗಟ್ಟಿಯಿದ್ದರೆ ಕಾಲರು ತಿರುಗಿಸಿ ಹಾಕೋಣ,
ಬಟ್ಟೆಯೇ ಜಾಳಾಗಿದ್ದರೆ ನನ್ನ ಕೂಲಿ ದಂಡ.

ಟೆಸ್ಸಾ ಬಂದದ್ದು ಗೌನಿನ ಅಳತೆಗೆ.
ಹದಿನಾರು ವರ್ಷ. ಶನಿವಾರಗಳಲ್ಲಿ
ಹಳೆ ಫೋನು ಕೊಳ್ಳುವ ಅಂಗಡಿಯಲ್ಲಿ ಕೆಲಸ.
ಶಾಲೆ ಮುಗಿಸುವ ರಾತ್ರಿಯ ಕುಣಿತಕ್ಕೆ
ಅಕ್ಕನ ಹಸಿರು ಗೌನು, ನೆಲ ಗುಡಿಸುತ್ತಿತ್ತು.
ಬಾಯಲ್ಲಿ ಗುಂಡುಸೂಜಿ ಕಚ್ಚಿ ನಾನು ಮೊಣಕಾಲೂರಿದ್ದಾಗ
ಮೇಲಿಂದ ಕೇಳಿದಳು,
"ಅದೇನು, ಸೀಟಿ ಹೊಡೀತಿರೋದು?"
ಫ್ಯಾನು, ಎಂದೆ, ಸೂಜಿಗಳ ಸಂದಿಯಿಂದ.

ಗೌನಿನಲ್ಲೇ ಕೂತು ನಾಲ್ಕು ಸ್ಕ್ರೂ ಬಿಚ್ಚಿದಳು.
ಒಳಗೆ ನನ್ನ ಹನ್ನೊಂದು ವರ್ಷ:
ನೂಲಿನ ಧೂಳು ಹೆಪ್ಪಾಗಿ
ಶಾಲೆಯ ನೀಲಿ, ಮೇಲೆ ಇನ್ನಷ್ಟು ನೀಲಿ,
ನಡುವೆ ಯಾರೋ ಒಂದು ವರ್ಷ ಮಾತ್ರ ಕೇಳಿದ ಕಿತ್ತಳೆ.
ಕಂಬಳಿ ಸುತ್ತುವ ಹಾಗೆ ಪದರವನ್ನು ಎಬ್ಬಿಸಿ ತೆಗೆದಳು.
"ಪಾಪ, ಇದಕ್ಕೆ ಉಸಿರೇ ಇರಲಿಲ್ಲ."

ಅಳೆದೂ ಸುರಿದೂ ಕೂತೆವು ಇಬ್ಬರೂ.
ಡಿಸ್ಕು ಬದಲಿಸಲೇಬೇಕು; ತಿರುಗುವುದನ್ನು ತೆಗೆದು
ತಿರುಗದೇ ಇರುವುದನ್ನು ಹಾಕಬೇಕು: ಮೂವತ್ತನಾಲ್ಕು.
ಪ್ರೊಸೆಸರಿನ ನೆತ್ತಿಗೆ ಹಚ್ಚುವ ಬೂದು ಲೇಪ: ಐದು.
ಗ್ರಾಫಿಕ್ಸ್ ಕಾರ್ಡಿನ ಹಂಗು ನನ್ನ ಸೂಜಿಗಿಲ್ಲ.
ರ‍್ಯಾಮು?
ಅಗ್ಗವೆಂದು ಮೊದಲೇ ತಂದಿಟ್ಟ ಪಟ್ಟಿ ತೋರಿಸಿದೆ.
ಅದರ ಕಚ್ಚಿನ ಮೇಲೆ ಉಗುರಿಟ್ಟಳು.
ಇದರ ಕಚ್ಚು ಇಲ್ಲಿ, ಬೋರ್ಡಿನದು ಅಲ್ಲಿ.
ಗುಂಡಿಯೊಂದು ಕಡೆ, ಕಾಜವೊಂದು ಕಡೆ.
ನಲವತ್ತು ವರ್ಷ ಕಾಜ ಹೊಲಿದವಳು ನಾನು,
ನೋಡದೆ ಕೊಂಡಿದ್ದೆ. ಒಂಬತ್ತು ಪೌಂಡು
ನೀರಿನಲ್ಲಿ ಹೋಮ.

ಮರುಶನಿವಾರ ಅವಳ ಜೇಬಿನಿಂದ ಬಂತು
ಸರಿಯಾದ ಪಟ್ಟಿ, ಅವಳ ಹಳೆಯ ಯಂತ್ರದ್ದು.
ದುಡ್ಡು ಬೇಡ ಎಂದಳು.
ಗೌನಿಗೆ ನಾನೂ ಬೇಡ ಎಂದೆ.
ಅಂಚಿನೊಳಗೆ ಮೂರು ಇಂಚು ಬಟ್ಟೆ
ಕತ್ತರಿಸದೆ ಮಡಿಸಿಟ್ಟಿದ್ದೇನೆ, ಅವಳಿಗೆ ಹೇಳಿಲ್ಲ.
ಅಕ್ಕ ವಾಪಸು ಕೇಳಿದರೆ ಬಿಚ್ಚಬಹುದು.
ಉಳಿದ ಇಪ್ಪತ್ತಮೂರು ಪೌಂಡು ಮತ್ತೆ ಡಬ್ಬಿಗೆ,
ಯಾವ ಕೋಟಿನದೋ ತಿಳಿಯದ ಆ ಗುಂಡಿಯೂ.

ಇವತ್ತು ಒತ್ತಿದವಳೇ
ಅಭ್ಯಾಸಬಲದಿಂದ ಕೆಟಲಿನ ಕಡೆ ಹೋದೆ.
ನಲ್ಲಿ ತಿರುಗಿಸುವಷ್ಟರಲ್ಲಿ ಬೆನ್ನ ಹಿಂದೆ ಠಣ್ ಎಂದಿತು.
ನೋಡಿದರೆ ಮೂರು ಮೀನು, ಹಂದಿತಲೆ, ಲಂಗರು,
ಸಾಲಾಗಿ ನಿಂತು
ನನ್ನನ್ನೇ ಕಾಯುತ್ತಿವೆ.

ಪ್ಯಾಂಟಿನ ಅಂಚು ಹಾಗೇ ಉಳಿದಿದೆ.
ಅದಕ್ಕೀಗ ಹೊತ್ತು ಎಲ್ಲಿಂದ ತರಲಿ?